ಎರಡು ದನಿಯ ಜೋಗುಳ

ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೇಡಿಯೊ ರಿಪೇರಿ ಮಾಡುವ ಧರ್ಮಣ್ಣನ ಮನೆ ಇತ್ತು. ಮುಂದಿನ ಖೋಲಿಯೇ ಅಂಗಡಿ. ನಡುವೆ ಅಡುಗೆಮನೆ, ಹಿಂದೆ ಜೋಳದ ಚೀಲ ಇಡುತ್ತಿದ್ದ ಇನ್ನೊಂದು ಖೋಲಿ. ಗೋಡೆಗೆ ಗೋಡೆ ಹತ್ತಿಕೊಂಡು ರೇವಣಪ್ಪನ ಹಿಟ್ಟಿನ ಗಿರಣಿ. ಬೆಳಿಗ್ಗೆ ಎಂಟಕ್ಕೆ ಗಿರಣಿ ಶುರುವಾದರೆ ಧರ್ಮಣ್ಣನ ಮನೆಯ ಮಾಡದಲ್ಲಿದ್ದ ತಟ್ಟೆ, ಲೋಟಗಳೆಲ್ಲ ಸಣ್ಣಗೆ ನಡುಗಲು ಶುರುಮಾಡುತ್ತಿದ್ದವು.

ಈ ಮನೆಗೆ ಸೊಸೆಯಾಗಿ ಬಂದವಳು ಕಸ್ತೂರಿಬಾಯಿ. ತವರು ಘತ್ತರಗಿ. ಅಲ್ಲಿ ಭಾಗ್ಯವಂತಿ ಗುಡಿಯ ಹಾದಿಯಲ್ಲಿ ಅವಳ ಅಪ್ಪ ಕಾಯಿ, ಕರ್ಪೂರ ಮಾರುತ್ತಿದ್ದ. ಅಮಾವಾಸ್ಯೆ ಬಂತೆಂದರೆ ಗಂಟೆ, ಡೊಳ್ಳು, ಕೂಸಿನ ಅಳು, ಹೊಳೆಯಲ್ಲಿ ಮಿಂದು ಬಂದವರ ಮಾತು ಎಲ್ಲ ಒಂದರ ಮೇಲೊಂದು ಬಿದ್ದು ಪಕ್ಕದವರು ಹೇಳಿದ್ದೂ ಕೇಳುತ್ತಿರಲಿಲ್ಲ. ಆ ಗದ್ದಲದಲ್ಲಿ ‘ಎರಡು ಕಾಯಿ ಕೊಡವ್ವ’ ಎಂದು ಯಾರು ಅಂದರು, ಎಲ್ಲಿ ನಿಂತು ಅಂದರು ಎಂಬುದನ್ನು ಹಿಡಿಯುವುದು ಸಣ್ಣ ಹುಡುಗಿ ಕಸ್ತೂರಿಯ ಕೆಲಸವಾಗಿತ್ತು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಸಂಗೀತದ ಹೆಸರು ಗೊತ್ತಿರಲಿಲ್ಲ. ಆದರೆ ಕಿವಿ ಚುರುಕಾಗಿತ್ತು.

ಮದುವೆಯಾಗಿ ಬಂದ ಮೂರನೆಯ ತಿಂಗಳಿಗೆ ಅವಳು ರೊಟ್ಟಿ ಬಡಿಯುತ್ತ ಕೂತವಳು ಎದ್ದು ಗಿರಣಿಗೆ ಹೋದಳಂತೆ. “ಅಣ್ಣಾರ, ನಿಮ್ಮ ಗಿರಣಿ ಪಟ್ಟಾ ಸಡ್ಲಾಗ್ಯಾದ ಕಾಣಸ್ತದ, ಜರಾ ನೋಡ್ರಿ” ಎಂದಳು. ರೇವಣಪ್ಪ ನಕ್ಕ. ನಕ್ಕರೂ ಮಷೀನು ನಿಲ್ಲಿಸಿ ನೋಡಿದ. ಚಕ್ರ ತಿರುಗಿಸುವ ಆ ಪಟ್ಟಾ ಇನ್ನೊಂದು ತಾಸು ತಡೆಯುವ ಹಾಗಿರಲಿಲ್ಲ. ಅಂದಿನಿಂದ ರೇವಣಪ್ಪ ಮಷೀನಿನ ಸದ್ದಿನಲ್ಲಿ ಏನಾದರೂ ಫರಕ ಬಂತು ಅನ್ನಿಸಿದರೆ ಮೊದಲು ಗೋಡೆ ಬಡಿದು, “ತಂಗಿ, ಬರಾಬರ್ ಅದ ಏನು?” ಎಂದು ಕೇಳುತ್ತಿದ್ದ.

ಧರ್ಮಣ್ಣ ಒಳ್ಳೆಯ ಮನುಷ್ಯ. ಕೈಯಲ್ಲಿ ವಿದ್ಯೆ ಇತ್ತು, ಆ ವಿದ್ಯೆಯ ಬಗ್ಗೆ ಸ್ವಲ್ಪ ಗತ್ತೂ ಇತ್ತು. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಅವನು ಸೊಲ್ಲಾಪುರಕ್ಕೆ ಹೋಗಿ ಎರಡು ಟೇಪ್‌ರೆಕಾರ್ಡರ್, ಎರಡು ಮೈಕು ತಂದ. ಬಿಸ್ಕೀಟಿನ ತಗಡಿನ ಡಬ್ಬಿಗೆ ತೂತು ಕೊರೆದು, ಒಳಗೆ ತಂತಿ ಬೆಸೆದು, ಮೇಲೆ ನಾಲ್ಕು ತಿರುಗಣಿ ಕೂರಿಸಿ ತಾನೇ ಒಂದು ಮಿಕ್ಸರು ಮಾಡಿಕೊಂಡ. ಒಂದೊಂದು ತಿರುಗಣಿಗೆ ಒಂದೊಂದು ದನಿ. ತಿರುವಿದರೆ ಆ ದನಿ ಏರುತ್ತದೆ, ಇಳಿಯುತ್ತದೆ. ನಾಲ್ಕೂ ಕೂಡಿ ಒಂದೇ ಕ್ಯಾಸೆಟ್ಟಿಗೆ ಹೋಗುತ್ತವೆ. ಓಣಿಯ ಜನ ಅದನ್ನು ‘ಧರ್ಮಣ್ಣನ ಡಬ್ಬಿ’ ಅನ್ನುತ್ತಿದ್ದರು. ಹಿಂದಿನ ಖೋಲಿಯ ಜೋಳದ ಚೀಲ ಅಡುಗೆಮನೆಗೆ ಬಂದವು. ಖೋಲಿಯ ಗೋಡೆಗಳಿಗೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಇಳಿಬಿಟ್ಟರು. ಆ ವರ್ಷ ಚಳಿಗಾಲದಲ್ಲಿ ಮನೆಯವರು ಚಾದರ ಹೊದ್ದು ಮಲಗಿದರು.

ಮೊದಲು ಬಂದದ್ದು ಇಜೇರಿಯ ಮಲ್ಲಣ್ಣನ ಭಜನಾ ಮೇಳ. ಎಂಟು ಮಂದಿ, ಒಂದು ಹಾರ್ಮೋನಿಯಂ, ಒಂದು ತಬಲ, ಎರಡು ಜೋಡಿ ತಾಳ. ದಿನವಿಡೀ ಹಾಡಿದರು. ಮರುದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಆ ಕ್ಯಾಸೆಟ್ ಹಚ್ಚಿದಾಗ ಜನ ಚಹಾ ಕುಡಿಯುವುದನ್ನು ಬಿಟ್ಟು ಕೇಳಿದರು. ತಮ್ಮೂರಿನವರ ದನಿ ಡಬ್ಬಿಯೊಳಗಿಂದ ಬರುವುದೇ ಒಂದು ಸೋಜಿಗವಾಗಿತ್ತು. ಯಾರಿಗೂ ಏನೂ ಕೊರತೆ ಕಾಣಲಿಲ್ಲ.

ಮನೆಯಲ್ಲಿ ಕಸ್ತೂರಿಬಾಯಿ ಮಾತ್ರ ಅಂದಳು, “ಮಲ್ಲಣ್ಣಗೋಳು ಒಬ್ಬರೇ ಹಾಡಿದಂಗ ಆಗ್ಯಾದ. ಉಳಿದ ಮಂದಿ ಎಲ್ಲೋ ಹೊಳಿ ಆಚಿ ದಂಡಿ ಮ್ಯಾಲ ನಿಂತಂಗ ಕೇಳಸ್ತದ.”

“ಮುಂದ ಹಾಡಾಂವ ಮುಂದೇ ಇರಬೇಕು” ಎಂದ ಧರ್ಮಣ್ಣ.

“ಮುಂದ ಇರ್ಲಿ, ಯಾರ್ ಬ್ಯಾಡ ಅಂದಾರ. ಹಿಂದಿನವರು ಹೊಳಿ ದಾಟಿ ಜರಾ ಈಚಿಗಿ ಬಂದ್ರ ಸಾಕಿತ್ತು.”

“ನೀ ರೊಟ್ಟಿ ನೋಡು. ಹೊತ್ತಾಕತ್ತಾವ.”

ರೊಟ್ಟಿ ಹೊತ್ತುತ್ತಿರಲಿಲ್ಲ. ಆದರೂ ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಮಾರನೆಯ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಇಜೇರಿಯಿಂದ ಇಬ್ಬರು ಹೆಂಗಸರು ಬಂದರು. ಗುರುಶಾಂತಮ್ಮನಿಗೆ ಅರವತ್ತು ದಾಟಿತ್ತು. ಅವಳ ಸೊಸೆ ದ್ರೌಪದಿಗೆ ಇಪ್ಪತ್ತೈದು ಇರಬಹುದು. ಗುರುಶಾಂತಮ್ಮನ ಮಗಳು ಶರಣಬಸಮ್ಮ ಗಂಡನ ಜೊತೆ ಪುಣೆಯಲ್ಲಿದ್ದಳು. ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಕಟ್ಟುತ್ತಿದ್ದ ಕಟ್ಟಡದ ಹತ್ತಿರವೇ ತಗಡಿನ ಮನೆ. ಶರಣಬಸಮ್ಮ ದಿನ ತುಂಬಿದ ಬಸುರಿ. ಬಸ್ಸಿನಲ್ಲಿ ಅಷ್ಟು ದೂರ ಬರಬಾರದೆಂದು ಡಾಕ್ಟರು ಹೇಳಿದ್ದರು. ದಮ್ಮಿನ ಕಾಯಿಲೆಯ ಗುರುಶಾಂತಮ್ಮ ಹೋಗುವ ಹಾಗೂ ಇರಲಿಲ್ಲ. ‘ಯವ್ವಾ, ನೀ ಬರೂದು ಆಗದಿದ್ರ ನಿನ್ನ ಜೋಗುಳನಾದ್ರೂ ಕಳಸು, ಇಲ್ಲಿ ಬಾಜೂ ಮನಿಯಾಗ ಟೇಪ್ ಅದ’ ಎಂದು ಮಗಳು ಕಾಗದ ಬರೆಸಿದ್ದಳು.

ಗುರುಶಾಂತಮ್ಮ ಇಜೇರಿಯಲ್ಲಿ ಹೆಸರು ಮಾಡಿದ ಹಾಡುಗಾರ್ತಿ. ಬಸುರಿಯ ಕುಬಸ, ತೊಟ್ಟಿಲು, ಮದುವೆ ಯಾವುದೇ ಇರಲಿ, ಅವಳು ದನಿ ತೆಗೆಯದೆ ಶುರುವಾಗುತ್ತಿರಲಿಲ್ಲ. ಆದರೆ ಎರಡು ವರ್ಷದಿಂದ ಉಸಿರು ಕೈಕೊಡುತ್ತಿತ್ತು. ನುಡಿಯ ಕೊನೆಗೆ ಹೋಗುವಷ್ಟರಲ್ಲಿ ದನಿ ಕಡಿದು ಬೀಳುತ್ತಿತ್ತು. ಅದಕ್ಕೆ ಜೊತೆಗೆ ದ್ರೌಪದಿಯನ್ನು ಕರೆತಂದಿದ್ದಳು. ದ್ರೌಪದಿಯ ದನಿಯೋ, ಹೊಲದ ಈ ಬದುವಿನಿಂದ ಆ ಬದುವಿಗೆ ಬುತ್ತಿ ಬಂತೆಂದು ಕೂಗಿ ಬೆಳೆದ ದನಿ.

ಇಬ್ಬರನ್ನೂ ಹಿಂದಿನ ಖೋಲಿಯಲ್ಲಿ ಕೂರಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಮೈಕಿಟ್ಟು ಧರ್ಮಣ್ಣ ಶುರುಮಾಡಿಸಿದ. ಮೊದಲ ನುಡಿ ತುಂಬಿ, ಹಚ್ಚಿ ಕೇಳಿಸಿದ. ಅದು ಮುಗಿಯುವುದರೊಳಗೆ ಗುರುಶಾಂತಮ್ಮ ಕೈ ಎತ್ತಿದಳು. “ತಮ್ಮಾ, ಇದರಾಗ ನಾ ಎಲ್ಲಿದೀನಿ?”

ಧರ್ಮಣ್ಣ ಅತ್ತೆಯ ತಿರುಗಣಿ ಏರಿಸಿದ. ದನಿಯ ಜೊತೆಗೆ ಅವಳ ಏದುಸಿರು, ಬಳೆಯ ಸದ್ದು, ಗೋಡೆಯಾಚೆಯ ಗಿರಣಿ ಎಲ್ಲವೂ ಏರಿದವು. ದ್ರೌಪದಿಯನ್ನು ಹಿಂದಕ್ಕೆ ಸರಿಸಿ ಮೂಲೆಗೆ ಕೂರಿಸಿದ. ಬಾವಿಯೊಳಗಿಂದ ಕೂಗಿದ ಹಾಗೆ ಕೇಳಿತು. “ಸಣ್ಣ ದನೀಲೆ ಹಾಡವ್ವಾ” ಎಂದು ಹೇಳಿದ. ದನಿ ಸಣ್ಣದು ಮಾಡಿದೊಡನೆ ಅವಳ ಶ್ರುತಿಯೂ ಇಳಿದುಬಿಟ್ಟಿತು, ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಆದರು. ನಾಲ್ಕನೆಯ ಸಲಕ್ಕೆ ಗುರುಶಾಂತಮ್ಮ ಸಿಟ್ಟಾದಳು.

“ನನ್ನ ಮಗಳು ನನ್ನ ದನಿ ಕೇಳ್ಯಾಳ. ಇಕಿ ದನಿ ಕಳಿಸಿ ಏನ್ ಮಾಡ್ಲಿ?”

ದ್ರೌಪದಿ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. “ನಾ ಹಾಡ್ತೀನಂತ ಕೇಳಿದ್ದೆ ಏನ್ರಿ, ಅತ್ತಿ? ನೀವೇ ಬಾ ಅಂದ್ರಿ, ಬಂದೆ.”

ಅಡುಗೆಮನೆಯಿಂದ ಕಸ್ತೂರಿಬಾಯಿ ಎಲ್ಲವನ್ನೂ ಕೇಳುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಬಂದು ಗಂಡನಿಗೆ ಹೇಳಿದಳು, “ಇಬ್ಬರನ್ನೂ ಕೂಡೇ ಹಾಡಸೂದ್ಯಾಕ್ರಿ? ಮೊದಲ ಅಮ್ಮಗೋಳದು ಒಂದೇ ತಗೋರಿ. ಅದನ್ನ ಒಂದು ಟೇಪಿನಾಗ ಹಚ್ಚಿ, ಇಕಿ ಕಿವಿಗಿ ಕೊಟ್ಟು, ಇಕಿ ಹಾಡಿದ್ದು ಅದರ ಕೂಡ ಎರಡನೇ ಟೇಪಿನಾಗ ತುಂಬರಿ. ಹಂಗ ಬರತದಿಲ್ಲೋ?”

ಧರ್ಮಣ್ಣ ಬೆಸುಗೆಯ ಕಡ್ಡಿ ಕೆಳಗಿಟ್ಟ. “ಬರತದ” ಎಂದ. ತಾನು ಮಾಡಿದ ಡಬ್ಬಿಯಲ್ಲಿ ಅದು ಸಾಧ್ಯ ಎಂಬುದು ಅವನಿಗೆ ಗೊತ್ತಿತ್ತು. ಹಾಗೆ ಮಾಡಬೇಕೆಂದು ತೋಚಿರಲಿಲ್ಲ ಅಷ್ಟೆ.

“ಗಿರಣಿ?” ಎಂದ.

“ಹನ್ನೊಂದಕ್ಕ ಕರೆಂಟ್ ಹೋಗ್ತದ. ಗಿರಣಿ ಬಂದ್. ನಿಮ್ಮ ಬ್ಯಾಟರಿ ಮ್ಯಾಲ ಟೇಪ್ ನಡೀತದ.”

ದಿನವೂ ಹನ್ನೊಂದರಿಂದ ಒಂದರವರೆಗೆ ಜೇವರ್ಗಿಯಲ್ಲಿ ಕರೆಂಟು ತೆಗೆಯುತ್ತಿದ್ದರು. ಇಡೀ ಊರು ಬೈಯುತ್ತಿದ್ದ ಆ ಎರಡು ತಾಸಿಗೆ ಅಂದು ಈ ಮನೆಯವರು ಕಾದು ಕೂತರು. ಅಷ್ಟರಲ್ಲಿ ಕಸ್ತೂರಿಬಾಯಿ ಇಬ್ಬರಿಗೂ ಉಣ್ಣಲು ಕೊಟ್ಟಳು. ಅತ್ತೆ ಸೊಸೆ ಒಂದೇ ಸಾಲಿನಲ್ಲಿ ಕೂತು, ಬೇರೆ ಬೇರೆ ಗೋಡೆ ನೋಡುತ್ತ ಉಂಡರು.

ಕರೆಂಟು ಹೋಯಿತು. ಗಿರಣಿ ನಿಂತಿತು. ಗುರುಶಾಂತಮ್ಮ ಮೈಕಿನ ಮುಂದೆ ಕೂತಳು, ಬಾಯಿ ತೆಗೆದಳು, ಮುಚ್ಚಿದಳು. “ಕೈಯಾಗ ತೊಟ್ಟಲ ಹಗ್ಗ ಇಲ್ಲದ ಜೋಗುಳ ಹ್ಯಾಂಗ ಬಂದೀತು, ಯವ್ವಾ. ಸಭಾದಾಗ ಭಾಷಣ ಮಾಡಿದಂಗ ಆಗ್ತದ.”

ಕಸ್ತೂರಿಬಾಯಿ ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲು ಇಳಿಸಿದಳು. ಜಂತಿಗೆ ಕಟ್ಟಿ, ಒಳಗೆ ಎರಡು ಸೇರು ಜೋಳದ ಗಂಟು ಮಲಗಿಸಿ, ಹಗ್ಗವನ್ನು ಗುರುಶಾಂತಮ್ಮನ ಕೈಗೆ ಕೊಟ್ಟಳು. ಹಗ್ಗ ಜಂತಿಗೆ ಉಜ್ಜಿ ಕಿರ್‍ ಎಂದಿತು. ಧರ್ಮಣ್ಣ ಎಣ್ಣೆ ತರಲು ಹೊರಟ. “ಇರ್ಲಿ ಬಿಡ್ರಿ. ಪುಣೆದಾಗ ಕೇಳಾಕಿಗಿ ಅದೂ ಬೇಕಾಗ್ತದ” ಎಂದಳು ಕಸ್ತೂರಿಬಾಯಿ. ಮುದುಕಿಯ ಮುಖವನ್ನು ಮೈಕಿನಿಂದ ಒಂದು ಗೇಣು ದೂರಕ್ಕೆ ತಂದು, ಉಸಿರು ನೆಟ್ಟಗೆ ಬಡಿಯದ ಹಾಗೆ ಗಲ್ಲ ಹಿಡಿದು ಸ್ವಲ್ಪ ಓರೆ ಮಾಡಿದಳು.

ಗುರುಶಾಂತಮ್ಮ ಹಾಡಿದಳು.

ತೊಗರಿಯ ಹೊಲದಾಗ ಹಳದಿಯ ಹೂವರಳಿ
ಮಗಳ ತೊಟ್ಟಿಲಕ ನೆರಳಾಗಿ – ನನಕಂದ
ಮುಗಿಲೀನ ಚಂದಿರ ತೂಗ್ಯಾನ

ಐದು ನುಡಿ. ಉಸಿರು ಕಡಿದ ಕಡೆ ಕಡಿಯಿತು. ಮೂರನೆಯ ನುಡಿಯಲ್ಲಂತೂ ಕೊನೆಯ ಸಾಲು ಅರ್ಧಕ್ಕೇ ನಿಂತು ಬರಿಯ ಹಗ್ಗದ ಸದ್ದು ಉಳಿಯಿತು. ಕಸ್ತೂರಿಬಾಯಿ ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿದಳು. ಹಾಡು ಮುಗಿದ ಮೇಲೆ ಗುರುಶಾಂತಮ್ಮ ದಣಿದು, ಮುಂದಿನ ಅಂಗಡಿಗೆ ಹೋಗಿ ಒರಗಿಕೊಂಡಳು.

ಈಗ ದ್ರೌಪದಿಯ ಸರದಿ. ಕಿವಿಗೆ ಹೆಡ್‌ಫೋನು ಹಾಕಿಸಿಕೊಂಡು ಅವಳು ಮೊದಲು ಬೆಚ್ಚಿದಳು. ಅತ್ತೆ ತನ್ನ ತಲೆಯೊಳಗೇ ಕೂತು ಹಾಡಿದ ಹಾಗಾಯಿತು. ಕಸ್ತೂರಿಬಾಯಿ ಅವಳನ್ನು ಮೈಕಿನಿಂದ ನಾಲ್ಕು ಮೊಳ ದೂರದಲ್ಲಿ, ಕೌದಿಯ ಕಡೆ ಮುಖ ಮಾಡಿಸಿ ನಿಲ್ಲಿಸಿದಳು.

“ಸಣ್ಣ ದನಿ ಮಾಡಬ್ಯಾಡ. ನಿನ್ನ ದನಿ ಎಷ್ಟದ ಅಷ್ಟು ಹಾಡು. ಕಮ್ಮಿ ಮಾಡೂದು ನಾವು ನೋಡಕೋತೀವಿ.”

ತಿರುಗಣಿಯ ಮೇಲೆ ಕೈ ಇಟ್ಟವನು ಧರ್ಮಣ್ಣ. ಮೊದಲ ಸಲ ಎರಡೂ ದನಿ ಒಂದೇ ಮಟ್ಟಕ್ಕೆ ಇಟ್ಟ. ಸೊಸೆ ಅತ್ತೆಯನ್ನು ಮುಚ್ಚಿದಳು. ಎರಡನೆಯ ಸಲ ಸೊಸೆಯನ್ನು ತಗ್ಗಿಸಿದ. ಅತ್ತೆ ಕಡಿದಲ್ಲಿ ತಗ್ಗು ಬಿದ್ದ ಹಾಗೆ ಕೇಳಿತು. ಆಗ ಅವನು ಸರಿದು ಕೂತ. “ಬಾ, ನೀನೇ ಮಾಡು” ಎಂದ. ಅದರಲ್ಲಿ ಸಿಟ್ಟು ಎಷ್ಟಿತ್ತು, ಸೋತದ್ದು ಎಷ್ಟಿತ್ತು ಎಂದು ಮುಂದೆ ಯಾವಾಗಲೋ ಕೇಳಿದರೆ ಧರ್ಮಣ್ಣ ನಗುತ್ತಿದ್ದ.

ಕಸ್ತೂರಿಬಾಯಿ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ತಿರುಗಣಿಯನ್ನು ಒಂದು ಕಡೆ ಇಟ್ಟು ಬಿಡಲಿಲ್ಲ. ಅತ್ತೆಯ ಉಸಿರು ಎಲ್ಲಿ ಇಳಿಯುತ್ತದೆಂದು ಅವಳಿಗೆ ಒಮ್ಮೆ ಕೇಳಿಯೇ ತಿಳಿದಿತ್ತು. ಅಲ್ಲಿಗೆ ಬರುವ ಒಂದು ಚಣ ಮೊದಲೇ ದ್ರೌಪದಿಯ ದನಿಯನ್ನು ಮೆಲ್ಲಗೆ ಏರಿಸುತ್ತಿದ್ದಳು. ಅತ್ತೆ ಹೊಸ ಸಾಲು ಎತ್ತಿಕೊಂಡೊಡನೆ ಅಷ್ಟೇ ಮೆಲ್ಲಗೆ ಇಳಿಸುತ್ತಿದ್ದಳು. ಹಿಟ್ಟು ಮೆತ್ತಿದ ಬೆರಳಿಗೆ ಆ ಸಣ್ಣ ತಿರುಗಣಿ ಎರಡು ಸಲ ಜಾರಿತು. ಎರಡು ಸಲವೂ ಮೊದಲಿನಿಂದ ಮಾಡಿದರು. ದ್ರೌಪದಿ ಬೇಸರ ಮಾಡಲಿಲ್ಲ. ಐದನೆಯ ಸಲಕ್ಕೆ ಧರ್ಮಣ್ಣ ಬಾಯಿ ತೆರೆದುಕೊಂಡು ಕೇಳುತ್ತ ಕೂತಿದ್ದ.

“ಆತು ನೋಡು” ಎಂದ.

“ಇನ್ನಾ ಇಲ್ರಿ” ಎಂದು ಅವಳು ಕ್ಯಾಸೆಟ್ಟನ್ನು ಅಡುಗೆಮನೆಗೆ ಒಯ್ದಳು. ಅಲ್ಲಿ ಒಂದು ಹಳೆಯ ಸಣ್ಣ ಟೇಪಿತ್ತು. ಅದರಲ್ಲಿ ಹಾಕಿ, ದನಿಯನ್ನು ಇನ್ನೇನು ಕೇಳಿಸುವುದೇ ಇಲ್ಲ ಎನ್ನುವಷ್ಟು ತಗ್ಗಿಸಿದಳು. ಎರಡು ದನಿಯಲ್ಲಿ ಯಾವುದು ಮೊದಲು ಮಾಯವಾಗುತ್ತದೋ ಅದು ಕಮ್ಮಿ ಎಂದು ಅವಳ ಲೆಕ್ಕ. ಆಮೇಲೆ ಕರೆಂಟು ಬರಲಿ ಎಂದು ಕಾದಳು. ಒಂದಕ್ಕೆ ಗಿರಣಿ ಶುರುವಾಯಿತು. ಆ ಗದ್ದಲದಲ್ಲಿ ಇನ್ನೊಮ್ಮೆ ಹಚ್ಚಿ ಕೇಳಿದಳು. “ಆಕಿ ಇರೂದು ಕಟ್ಟಡ ಕಟ್ಟೂ ಜಾಗದಾಗ. ಕೌದಿ ಹಾಕಿದ ಖೋಲ್ಯಾಗ ಕುಂತು ಕೇಳಾಂಗಿಲ್ಲ” ಎಂದಳು. ಗಿರಣಿಗೆ ಬಂದಿದ್ದ ಹೆಂಗಸರು ಹಿಟ್ಟಿನ ಡಬ್ಬಿ ಹೊತ್ತುಕೊಂಡೇ ಕಿಟಕಿಗೆ ಬಂದು ನಿಂತರು. ಒಬ್ಬಾಕೆ ಹೇಳಿದಳು, “ಯಾರೋ ಹಿರಿಯಾಕಿ ದನಿ. ಎಷ್ಟು ಗಟ್ಟಿ ಅದ ನೋಡ.”

ಗುರುಶಾಂತಮ್ಮನೂ ಕೇಳಿದಳು. ಪೂರಾ ಕೇಳಿದ ಮೇಲೆ ಮುಖ ಅರಳಿತು. “ನಾ ಅನಕೊಂಡಿದ್ದೆ ದನಿ ಹೋಗ್ಯಾದಂತ. ಎಲ್ಲಿ ಹೋಗ್ಯಾದ, ಹಂಗೇ ಅದ” ಎಂದಳು. ದ್ರೌಪದಿ ಕಸ್ತೂರಿಬಾಯಿಯ ಮುಖ ನೋಡಿದಳು. ಕಸ್ತೂರಿಬಾಯಿ ಒಲೆಯ ಕಡೆ ನೋಡಿದಳು.

ಕ್ಯಾಸೆಟ್ಟು ಪುಣೆಗೆ ಹೋಯಿತು. ಶರಣಬಸಮ್ಮನಿಗೆ ಗಂಡು ಹುಟ್ಟಿತು. ಒಂದು ತಿಂಗಳವರೆಗೆ ಗುರುಶಾಂತಮ್ಮ ಇಜೇರಿಯ ಬಾವಿಕಟ್ಟೆಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಬಸ್ಸಿನಲ್ಲಿ ತನ್ನ ದನಿಯ ವಿಷಯವೇ ಮಾತಾಡಿದಳು. ಆಮೇಲೆ ಕಾಗದ ಬಂತು. ಮನೆಯಲ್ಲಿ ಓದು ಬರುತ್ತಿದ್ದವಳು ದ್ರೌಪದಿ ಒಬ್ಬಳೇ. ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದಳು. ‘ಯವ್ವಾ, ನಿನ್ನ ಹಾಡು ಹಚ್ಚಿದ್ರ ಕೂಸು ಸುಮ್ಮನಾಗ್ತದ. ಬಾಜೂ ಮಂದಿನೂ ಬಂದು ಕೇಳ್ತಾರ. ನಿನ್ನ ದನಿ ಮೊದಲಿನಕಿಂತ ಚಂದ ಆಗ್ಯಾದ. ವೈನಿ ಹಾಡ್ತಾಳಂತ ಬರಿಸಿದ್ದಿ, ಆಕಿ ದನಿ ಎಲ್ಲೂ ಕೇಳಲಿಲ್ಲ. ಯಾಕ, ಆಕಿ ಹಾಡಲಿಲ್ಲೇನು?’

ಅತ್ತಿಗೆಯಾದ ತನ್ನ ಬಗ್ಗೆ ಇದ್ದ ಆ ಸಾಲನ್ನೂ ದ್ರೌಪದಿ ಬಿಡದೆ ಓದಿದಳು. ಓದಿ, ಕಾಗದ ಮಡಿಚಿ ಗೂಡಿನಲ್ಲಿಟ್ಟು, ದನಕ್ಕೆ ನೀರು ಕುಡಿಸಲು ಹೋದಳು.

ಮುಂದಿನ ವಾರ ಅತ್ತೆ ಸೊಸೆ ಜೇವರ್ಗಿ ಸಂತೆಗೆ ಬಂದವರು ಕಸ್ತೂರಿಬಾಯಿಯ ಮನೆಗೂ ಬಂದರು. ಗುರುಶಾಂತಮ್ಮ ಮುಂದಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಧರ್ಮಣ್ಣನಿಗೆ ಮೊಮ್ಮಗನ ಸುದ್ದಿ ಹೇಳುತ್ತಿದ್ದಳು. ಹಿಂದಿನ ಖೋಲಿಯಲ್ಲಿ ದ್ರೌಪದಿ ಕೆಳದನಿಯಲ್ಲಿ ಕೇಳಿದಳು, “ಅಕ್ಕಾ, ಖರೆ ಹೇಳ್ರಿ. ನನ್ನ ದನಿ ಅದರಾಗ ಇಟ್ಟೀರೋ, ತಗದೀರೋ?”

ತಾನು ಗೆದ್ದೆ ಅಂದುಕೊಂಡಿದ್ದ ಕೆಲಸ ಇನ್ನೊಬ್ಬಳ ಮುಖದ ಮೇಲೆ ಹೀಗೆ ಕಾಣಿಸುತ್ತದೆಂದು ಕಸ್ತೂರಿಬಾಯಿಗೆ ಹೊಳೆದಿರಲಿಲ್ಲ. ಬಾಯಿಂದ ಹೇಳುವುದಕ್ಕಿಂತ ಕೇಳಿಸುವುದೇ ಸರಿ ಎಂದು, ಮೊದಲು ತುಂಬಿದ್ದ, ಗುರುಶಾಂತಮ್ಮ ಒಬ್ಬಳೇ ಹಾಡಿದ ಕ್ಯಾಸೆಟ್ಟು ಹುಡುಕಿ ಹಚ್ಚಿದಳು. ಉಸಿರು ಕಡಿದದ್ದು, ಸಾಲು ಬಿದ್ದದ್ದು, ಹಗ್ಗ ಮಾತ್ರ ಕಿರ್‍ ಎಂದದ್ದು ಎಲ್ಲ ಇತ್ತು. “ಈಗ ಪುಣೆಗಿ ಕಳಿಸಿದ್ದು ಕೇಳು” ಎಂದು, ಧರ್ಮಣ್ಣ ಇಟ್ಟುಕೊಂಡಿದ್ದ ಅದರ ನಕಲು ಹಚ್ಚಿದಳು. “ಸಾಲು ಎಲ್ಲೆಲ್ಲಿ ಬೀಳತಿತ್ತು, ಅಲ್ಲೆಲ್ಲಾ ನೀನೇ ಇದ್ದಿ.”

ದ್ರೌಪದಿ ಕೇಳಿದಳು. ಹಿಂದೆ ಬಾಗಿಲಲ್ಲಿ ಗುರುಶಾಂತಮ್ಮ ಚಹಾದ ಲೋಟ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ ಇಬ್ಬರಿಗೂ ಗೊತ್ತಾಗಿರಲಿಲ್ಲ.

“ಮೊದಲಿಂದು ಇನ್ನೊಮ್ಮೆ ಹಚ್ಚು, ಯವ್ವಾ. ಮೂರನೇ ನುಡಿ.”

ಕಸ್ತೂರಿಬಾಯಿ ಹಚ್ಚಿದಳು. ಮುದುಕಿ ಎರಡು ಸಲ ಕೇಳಿದಳು. ಲೋಟದಲ್ಲಿದ್ದ ಚಹಾ ಮುಗಿಸಿದಳು.

“ಹಂಗಾದ್ರ ಒಂದು ತಿಂಗಳ ತನಕ ನಾ ಊರ ತುಂಬಾ ಹೇಳಿಕೊಂಡು ತಿರುಗಿದ್ದು ಇಕಿ ದನಿ” ಎಂದಳು. ಅಳುವಳೇನೋ ಎಂದು ಕಸ್ತೂರಿಬಾಯಿಗೆ ಭಯವಾಯಿತು. ಗುರುಶಾಂತಮ್ಮ ನಗಲು ಶುರುಮಾಡಿದಳು. ನಕ್ಕು ನಕ್ಕು ದಮ್ಮು ಹತ್ತಿ ಕೂತುಬಿಟ್ಟಳು; ದ್ರೌಪದಿ ಬೆನ್ನು ತಿಕ್ಕಬೇಕಾಯಿತು.

ಉಸಿರು ಬಂದ ಮೇಲೆ ಹೇಳಿದಳು, “ಇನ್ನೊಂದು ಕ್ಯಾಸೆಟ್ ಮಾಡ್ರಿ. ಈ ಸಲ ಇಕಿ ಹಾಡ್ಲಿ. ನಾ ಹಗ್ಗ ಜಗ್ತೀನಿ.”

“ನನಗ ಪೂರಾ ಪದ ಬರಂಗಿಲ್ರಿ, ಅತ್ತಿ.”

“ಹೇಳಿಕೊಡ್ತೀನಿ. ಹನ್ನೊಂದಾಗಲಿಕ್ಕ ಇನ್ನಾ ಟೈಮ್ ಅದ.”

ಅಂದು ತುಂಬಿದ ಹಾಡಿನಲ್ಲಿ ದ್ರೌಪದಿ ಮೈಕಿನ ಮುಂದೆ ಇದ್ದಳು. ಗುರುಶಾಂತಮ್ಮ ಹಿಂದೆ ಕೂತು ನುಡಿಯ ಕೊನೆಗೊಮ್ಮೆ ‘ನನಕಂದ’ ಎಂದು ಸೇರುತ್ತಿದ್ದಳು, ಅಷ್ಟೇ. ಆ ಒಂದು ಮಾತನ್ನು ಕಸ್ತೂರಿಬಾಯಿ ಪ್ರತಿ ಸಲವೂ ಕೈ ತುಂಬ ಏರಿಸಿದಳು. ಕ್ಯಾಸೆಟ್ಟಿನ ಜೊತೆಗೆ ಹೋದ ಕಾಗದವನ್ನು ಗುರುಶಾಂತಮ್ಮ ಹೇಳಿ ಬರೆಸಿದಳು: ಮೊದಲಿನ ಕ್ಯಾಸೆಟ್ಟಿನ ಮೂರನೆಯ ನುಡಿ ಇನ್ನೊಮ್ಮೆ ಕೇಳು, ಅದು ನಿನ್ನ ವೈನಿ. ಬರೆದವಳು ದ್ರೌಪದಿಯೇ. ‘ವೈನಿ’ ಎಂಬ ಕಡೆ ಅಕ್ಷರ ಸ್ವಲ್ಪ ದೊಡ್ಡದಾಯಿತೆಂದು ಆಮೇಲೆ ಕಸ್ತೂರಿಬಾಯಿಗೆ ಹೇಳಿ ನಕ್ಕಳು.

ಆ ತಿಂಗಳೇ ಧರ್ಮಣ್ಣ ಒಂದು ಕೆಟ್ಟ ವಾಲ್ವ್ ರೇಡಿಯೊದ ದೊಡ್ಡ ದೊಡ್ಡ ಗುಂಡಿಗಳನ್ನು ಕಿತ್ತು ಡಬ್ಬಿಯ ತಿರುಗಣಿಗಳಿಗೆ ಕೂರಿಸಿದ. “ಹಿಟ್ಟಿನ ಕೈಗಿ ಜಾರಂಗಿಲ್ಲ” ಎಂದ. ಅಲ್ಲಿಂದ ಮುಂದೆ ತಂತಿ, ಬ್ಯಾಟರಿ, ಬೆಸುಗೆ ಅವನದು, ತಿರುಗಣಿ ಅವಳದು. ಭಜನೆಯವರು, ಮದುವೆಯ ಹಾಡಿನವರು, ಸಾಲೆಯ ಮಕ್ಕಳ ಮೇಳ, ಯಾರು ಬಂದರೂ ಮೊದಲು ಅವರೆಲ್ಲ ಒಮ್ಮೆ ಹಾಡಬೇಕು. ಅವಳು ಅಡುಗೆಮನೆಯಲ್ಲಿ ನಿಂತು ಕೇಳಬೇಕು. ಆಮೇಲೆ ಬಂದು ಒಬ್ಬೊಬ್ಬರನ್ನೂ ತೋಳು ಹಿಡಿದು ಅವರವರ ಜಾಗದಲ್ಲಿ ನಿಲ್ಲಿಸುತ್ತಿದ್ದಳು.

ತೊಂಬತ್ಮೂರರಲ್ಲಿ ಆಳಂದದ ಕಡೆಯ ಜಿಡಗಾದಿಂದ ಒಂದು ವಚನ ಹಾಡುವ ಮೇಳ ಬಂತು. ಮೇಳದ ಮುಖಂಡ ಚಂದ್ರಾಮಪ್ಪ ದೊಡ್ಡ ಹಿಡುವಳಿಯವರು, ಅವರ ಮಾತಿಗೆ ಊರಲ್ಲಿ ಎದುರು ಮಾತಿರಲಿಲ್ಲ. ಹಾಡುವಾಗಲೂ ಹಾಗೆಯೇ, ಅವರ ದನಿಗೆ ಎದುರು ದನಿ ಇರಲಿಲ್ಲ. ಮೈಕಿಗೆ ತುಟಿ ತಾಗಿಸಿ ಹಾಡುತ್ತಿದ್ದರು. ಕಸ್ತೂರಿಬಾಯಿ ಒಮ್ಮೆ ಕೇಳಿದಳು. ಬಂದು ಅವರ ಮುಂದೆ ನಿಂತಳು.

“ಗೌಡ್ರ, ಎರಡು ಹೆಜ್ಜಿ ಹಿಂದ ಸರೀರಿ.”

ಮೇಳದವರು ತಾಳ ಹಿಡಿದ ಕೈ ಹಾಗೇ ಹಿಡಿದುಕೊಂಡರು. ಧರ್ಮಣ್ಣ ತಂತಿ ಸರಿಪಡಿಸುವ ನೆಪದಲ್ಲಿ ತಲೆ ತಗ್ಗಿಸಿದ.

“ಯಾಕ?” ಎಂದರು ಚಂದ್ರಾಮಪ್ಪ.

“ನಿಮ್ಮ ಹಿಂದ ಆರು ಮಂದಿ ಹಾಡಾಕತ್ತಾರ. ಭಾಳ ಚಂದ ಹಾಡಾಕತ್ತಾರ. ನೀವೂ ಒಮ್ಮೆ ಅವರದು ಕೇಳ್ರಿ.”

ಚಂದ್ರಾಮಪ್ಪ ಹಿಂದೆ ತಿರುಗಿ ಆರು ಮಂದಿಯನ್ನು ನೋಡಿದರು. ಹತ್ತು ವರ್ಷದಿಂದ ಜೊತೆಗೆ ಹಾಡಿದವರನ್ನು ಈಗಷ್ಟೇ ಕಂಡವರ ಹಾಗೆ ನೋಡಿದರು. ಆಮೇಲೆ ಧೋತ್ರದ ಚುಂಗು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಅಲ್ಲಿಗೂ ಕಸ್ತೂರಿಬಾಯಿ ಬಿಡಲಿಲ್ಲ. ಇನ್ನೊಂದು ಹೆಜ್ಜೆ ಎಂದು ಕೈ ತೋರಿಸಿದಳು. ಅದನ್ನೂ ಸರಿದರು.

ತುಂಬಿದ ಹಾಡನ್ನು ಅವರು ಕಣ್ಣು ಮುಚ್ಚಿ ಕೇಳಿದರು. ಚಂದ ಆಗಿದೆ ಎನ್ನಲಿಲ್ಲ, ಆಗಿಲ್ಲ ಎನ್ನಲಿಲ್ಲ. ಜೀಪು ಹತ್ತಿ ಹೋದರು. ಆದರೆ ಮುಂದಿನ ವರ್ಷ ಮತ್ತೆ ಮೇಳ ಕಟ್ಟಿಕೊಂಡು ಬಂದಾಗ ಖೋಲಿಯೊಳಗೆ ಕಾಲಿಡುವ ಮೊದಲೇ, ಚಪ್ಪಲಿ ಬಿಡುತ್ತ, ಅಡುಗೆಮನೆಯ ಕಡೆ ಮುಖ ಮಾಡಿ ಕೇಳಿದರು, “ಕಸ್ತೂರಿಬಾಯಿ, ನಾ ಎಲ್ಲಿ ನಿಂದರ್ಲಿ ಹೇಳವ್ವಾ.”